ಮದ್ದೂರು ವಡೆಯ ಇಪ್ಪತ್ತೈದು ನಿಮಿಷ

ಕಳೆದ ತಿಂಗಳು ನನ್ನ ಮೊಬೈಲಿಗೆ ಒಂದು ನೋಟಿಸು ಬಂತು. ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ನಮ್ಮ ಕಾರು ಗಂಟೆಗೆ 109 ಕಿಲೋಮೀಟರ್ ವೇಗದಲ್ಲಿ ಓಡಿದೆ, ಮಿತಿ 100, ದಂಡ 1,000 ರೂಪಾಯಿ. ಜೊತೆಗೆ ಕ್ಯಾಮೆರಾ ತೆಗೆದ ಫೋಟೊ. ಕಾರು ನಮ್ಮದೇ, ನಂಬರೂ ನಮ್ಮದೇ.

ಮೈಯೆಲ್ಲ ಉರಿದುಹೋಯಿತು. 34 ವರ್ಷ ಬ್ಯಾಂಕಿನಲ್ಲಿ ಊರವರ ದುಡ್ಡು ಎಣಿಸಿದವನು ನಾನು. ನಾಲ್ಕಾಣೆ ವ್ಯತ್ಯಾಸ ಬಂದರೂ ರಾತ್ರಿ ಎಂಟರವರೆಗೆ ಕೂತು ತಾಳೆ ಮಾಡಿಯೇ ಏಳುತ್ತಿದ್ದೆ. ನನಗೆ ದಂಡವೇ? “ಕೋರ್ಟಿಗೆ ಹೋಗ್ತೀನಿ” ಎಂದೆ.

“ವಕೀಲರ ಫೀಸು ಎಷ್ಟು ರೀ?” ಎಂದಳು ಮನೆಯವಳು. ಆಮೇಲೆ ತಾನೇ ಇನ್ನೊಂದು ದಾರಿ ತೋರಿಸಿದಳು. “ಸುಮ್ಮನೆ ಇಟ್ಟುಕೊಂಡಿರಿ. 2023ರ ಫೆಬ್ರವರಿಯಲ್ಲಿ ಅರ್ಧ ಕಟ್ಟಿದರೆ ಸಾಕು ಅಂತ ಸರ್ಕಾರದವರು ಬಿಟ್ಟಿದ್ದರಲ್ಲ, ಮತ್ತೆ ಬಿಡ್ತಾರೆ.” ಸೀರೆಗೆ ಆಷಾಢದ ರಿಯಾಯಿತಿ ಕಾಯಬಹುದು, ದಂಡಕ್ಕೂ ಕಾಯುವುದು ನನಗೇಕೋ ಸರಿಬರಲಿಲ್ಲ.

ನಮ್ಮ ಬೀದಿಯಲ್ಲೇ ಒಬ್ಬ ವಕೀಲರಿದ್ದಾರೆ. ಮೊಮ್ಮಗಳನ್ನೂ ಕರೆದುಕೊಂಡು ಅವರಲ್ಲಿಗೆ ಹೋದೆ. ತಪ್ಪು ಒಪ್ಪದವರು ಮ್ಯಾಜಿಸ್ಟ್ರೇಟರ ಮುಂದೆ ವಾದಿಸಬಹುದು ಎಂದರು. ಕ್ಯಾಮೆರಾ ಇಟ್ಟವರಿಗೂ ಕಟ್ಟುಪಾಡುಗಳಿವೆಯಂತೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ 167ಎ ನಿಯಮದ ಪ್ರಕಾರ ನೋಟಿಸು 15 ದಿನದೊಳಗೆ ಕಳಿಸಬೇಕು, ಯಂತ್ರಕ್ಕೆ ಅನುಮೋದನೆಯ ಪ್ರಮಾಣಪತ್ರ ಇರಬೇಕು, ರಸ್ತೆಯಲ್ಲಿ ಮುಂಚೆಯೇ ಎಚ್ಚರಿಕೆಯ ಫಲಕ ಹಾಕಿರಬೇಕು.

ನಮ್ಮ ನೋಟಿಸು 11ನೇ ದಿನಕ್ಕೇ ಬಂದಿತ್ತು. “ಫಲಕ ಎಲ್ಲಿತ್ತು? ನಾನಂತೂ ನೋಡಲಿಲ್ಲ” ಎಂದೆ.

“ಇತ್ತು ತಾತ. ಕ್ಯಾಮೆರಾ ಚಿತ್ರ ಇತ್ತು. ನಾನು ಬೋರ್ಡು ಎಣಿಸ್ತಾ ಇದ್ದೆನಲ್ಲ!” ಎಂದಳು ಏಳನೇ ಕ್ಲಾಸಿನ ಮೊಮ್ಮಗಳು. ನನ್ನ ಕಡೆಯ ಸಾಕ್ಷಿ ಅಲ್ಲಿಯೇ ತಿರುಗಿಬಿತ್ತು.

ವಕೀಲರು ನಕ್ಕರು. “ಸಾರ್, ಮನೆಯಲ್ಲಿ ನಿಂತ ಸ್ಕೂಟರಿಗೆ ದಂಡ ಬಿದ್ದವರು ನನ್ನ ಹತ್ತಿರ ಬಂದಿದ್ದಾರೆ. ಫೋಟೊದಲ್ಲಿ ಬೇರೆ ಯಾರದೋ ಗಾಡಿ. ಅಂಥದ್ದಕ್ಕೆ ಹೋರಾಡಲೇಬೇಕು. ನೀವು ಎಷ್ಟರಲ್ಲಿ ಓಡಿಸಿದಿರಿ, ಅದು ಹೇಳಿ.”

“80 ದಾಟಿಲ್ಲ” ಎಂದೆ. “ಸರಿ, ಹಾಗಾದರೆ ಹೋಗೋಣ” ಎಂದರು.

ಪುರಾವೆ ಬೇಕಲ್ಲ? ಮನೆಗೆ ಬಂದು ಕಿರ್ದಿ ಪುಸ್ತಕ ತೆಗೆದೆ. ಪ್ರಯಾಣದ ಪೆಟ್ರೋಲು, ಟೋಲು, ಮೀಟರಿನ ಅಂಕಿ ಎಲ್ಲ ಬರೆದಿಡುವುದು ನನ್ನ ಹಳೆಯ ಚಟ. ಒಂದು ಟೋಲಿನಿಂದ ಇನ್ನೊಂದಕ್ಕೆ 84 ಕಿಲೋಮೀಟರ್. ಫಾಸ್ಟ್ಯಾಗ್ ಸಂದೇಶಗಳ ನಡುವೆ ಸರಿಯಾಗಿ 75 ನಿಮಿಷ. ಮಕ್ಕಳೇ, ದೂರವನ್ನು ಸಮಯದಿಂದ ಭಾಗಿಸಿದರೆ ವೇಗ. ಮೊಮ್ಮಗಳು ಭಾಗಿಸಿದಳು. ಗಂಟೆಗೆ 67.2!

“ನೋಡಿದೆಯಾ?” ಎಂದೆ. ನ್ಯಾಯಾಧೀಶರ ಮುಂದೆ ಹೇಗೆ ನಿಲ್ಲಬೇಕೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ.

ಅವಳು ಪೆನ್ಸಿಲ್ ಕಚ್ಚುತ್ತ ಕೂತಳು. “ತಾತ, ಮದ್ದೂರಿಗೆ ಇಳಿದು ವಡೆ ತಿಂದೆವಲ್ಲ. ಆಗ ಕಾರು ನಿಂತೇ ಇತ್ತಲ್ಲ?”

ಇತ್ತು. 25 ನಿಮಿಷ. ನಾನು ಇನ್ನೊಂದು ವಡೆ ಕಟ್ಟಿಸಿದ್ದೆ ಬೇರೆ.

75ರಲ್ಲಿ 25 ಕಳೆದರೆ 50. ಐವತ್ತು ನಿಮಿಷಕ್ಕೆ 84 ಕಿಲೋಮೀಟರ್ ಎಂದರೆ ಸರಾಸರಿಯೇ 100.8. ಮದ್ದೂರಿನೊಳಗೆ ಎತ್ತಿನ ಗಾಡಿಯ ಹಾಗೆ ಹೋದದ್ದೂ ಅದರಲ್ಲೇ ಸೇರಿದೆ. ಹಾಗಾದರೆ ಉಳಿದ ಕಡೆ ಎಷ್ಟು? ನಾನು ಅವಳ ಮುಖ ನೋಡಲಿಲ್ಲ.

ಮಗನ ಹೊಸ ಕಾರು. ಗಾಜು ಏರಿಸಿದರೆ ಗಾಳಿಯ ಸದ್ದೂ ಇಲ್ಲ, ಅದು ಓಡುವುದೇ ತಿಳಿಯುವುದಿಲ್ಲ ಎಂದು ಸಮಜಾಯಿಷಿ ಹೇಳಿದೆ. ಅವಳು ಕೇಳಿಸಿಕೊಳ್ಳದೆ ಮತ್ತೊಂದು ಲೆಕ್ಕ ಮಾಡುತ್ತಿದ್ದಳು. 109ರಲ್ಲಿ ಒಂದು ಸೆಕೆಂಡಿಗೆ 30 ಮೀಟರ್. “ನೀವು ಹಿಂದೆ ತಿರುಗಿ ನನ್ನ ಕೈಗೆ ನೀರಿನ ಬಾಟಲಿ ಕೊಟ್ಟಿರಲ್ಲ, ಅಷ್ಟರಲ್ಲಿ 60 ಮೀಟರ್ ಹೋಗಿರ್ತೀವಿ ತಾತ.” ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಸಂಜೆ ವಕೀಲರಿಗೆ ಫೋನು ಮಾಡಿ ಬೇಡ ಎಂದೆ. ಏಕೆಂದು ಅವರು ಕೇಳಲಿಲ್ಲ, ಒಳ್ಳೆಯವರು. ಹಣ ಕಟ್ಟಿ, ರಸೀದಿಯನ್ನು ಕಿರ್ದಿಗೆ ಅಂಟಿಸಿದೆ. ಯಾವ ಖಾತೆಗೆ ಹಾಕಲಿ ಎಂದು ಯೋಚಿಸುತ್ತಿರುವಾಗಲೇ ಮೊಮ್ಮಗಳು ಪೆನ್ನು ಕಿತ್ತುಕೊಂಡು ಬರೆದಳು: “ಮದ್ದೂರು ವಡೆ – 1,000 ರೂ.”