ಅಮ್ಮ ಆಸ್ಪತ್ರೆಯಲ್ಲಿ, ಮಗ ಹಾಯಿದೋಣಿಯಲ್ಲಿ

ಕಳೆದ ಜನವರಿಯಲ್ಲಿ ನನ್ನ ತಾಯಿ ಕುಂದಾಪುರದ ಮನೆಯ ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಆ ಹೊತ್ತಿನಲ್ಲಿ ನಾನು ಪೋರ್ಚುಗಲ್ ಕರಾವಳಿಯಲ್ಲಿ, ನೆಲದಿಂದ ನಾಲ್ಕು ಮೈಲು ಆಚೆ, 11 ಮೀಟರ್ ಉದ್ದದ ಹಾಯಿದೋಣಿಯೊಂದರ ಚುಕ್ಕಾಣಿ ಹಿಡಿದು ಕುಳಿತಿದ್ದೆ. ಈ ಸಂಗತಿ ನಮ್ಮ ಬಂಧುವರ್ಗದಲ್ಲಿ ಒಂಬತ್ತು ತಿಂಗಳಿನಿಂದ ಸುತ್ತುತ್ತಿದೆ. ಎರಡು ಮದುವೆಗಳಲ್ಲಿ, ಒಂದು ಗೃಹಪ್ರವೇಶದಲ್ಲಿ ಅದರ ಚರ್ಚೆಯಾಗಿದೆಯೆಂದು ತಿಳಿದುಬಂದಿದೆ. ಸಂಗತಿಯಲ್ಲಿ ಸುಳ್ಳೇನೂ ಇಲ್ಲ. ಅದರಿಂದ ತೆಗೆದ ತೀರ್ಮಾನದ ಬಗ್ಗೆ ಮಾತ್ರ ನನಗೆ ತಕರಾರಿದೆ. ವಿದೇಶಕ್ಕೆ ಹೊರಟು ನಿಂತಿರುವ ಕಿರಿಯರೂ, ಅವರನ್ನು ಕಳುಹಿಸಲಿರುವ ಹಿರಿಯರೂ ಈ ಅಂಕಣವನ್ನು ಓದುವವರಾದ್ದರಿಂದ ಅದನ್ನು ಇಲ್ಲಿಯೇ ಹೇಳುತ್ತೇನೆ.

ನಾನು ನೆಲೆಸಿರುವ ಮಾಸ್ಟ್ರಿಕ್ಟ್ ಕಡಲೂರಲ್ಲ. ನೆದರ್ಲ್ಯಾಂಡ್ಸ್‌ನ ದಕ್ಷಿಣದ ತುದಿಯಲ್ಲಿ, ಬೆಲ್ಜಿಯಮ್ಮಿನ ಗಡಿಗೆ ಅಂಟಿಕೊಂಡು, ಮಾಸ್ ನದಿಯ ದಂಡೆಯಲ್ಲಿರುವ ಊರು. ಆದರೂ ಇಲ್ಲಿ ದೋಣಿಗಳಿಗೆ ಬರವಿಲ್ಲ. ಜುಯ್ಡ್ ವಿಲ್ಲೆಮ್ಸ್‌ವಾರ್ಟ್ ಕಾಲುವೆಯ ಜೊತೆಗೆ 1826ರಲ್ಲಿ ಸಿದ್ಧವಾದ ಬಾಸಿನ್ ಎಂಬ ಹಳೆಯ ದೋಣಿಕಟ್ಟೆಯಲ್ಲಿ ಸರಕಿನ ದೋಣಿಗಳ ಜಾಗವನ್ನು ಈಗ ವಿಹಾರದ ದೋಣಿಗಳು ಹಿಡಿದಿವೆ. ನಮ್ಮ ನೆರೆಮನೆಯ ದಂಪತಿಯದೂ ಅಂಥದೊಂದು ದೋಣಿ. ಪತಿಗೆ 64, ಎಂಜಿನಿಯರ್ ಆಗಿದ್ದವರು. ಪತ್ನಿಗೆ 62, ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದವರು. ಸಿರಿವಂತರೇನಲ್ಲ, ದೋಣಿ ಮೂವತ್ತೈದು ವರ್ಷ ಹಳೆಯದು, ಅದರ ಬೆಲೆ ನನ್ನ ಕಾರಿನ ಬೆಲೆಗಿಂತ ಕಡಿಮೆ. ಈ ದೇಶದಲ್ಲಿ 15 ಮೀಟರಿಗಿಂತ ಉದ್ದವಿಲ್ಲದ, ಗಂಟೆಗೆ 20 ಕಿಲೋಮೀಟರಿಗಿಂತ ವೇಗವಾಗಿ ಹೋಗಲಾರದ ದೋಣಿಗೆ ಚಾಲನಾ ಪರವಾನಗಿಯೂ ಬೇಕಿಲ್ಲ. ಮುದುಕ ಮುದುಕಿಯರು ಹಾಯಿ ಬಿಚ್ಚಿ ಚಳಿಗಾಲಕ್ಕೆ ದಕ್ಷಿಣಕ್ಕೆ ಹೊರಡುವುದು ಇಲ್ಲಿ ಸುದ್ದಿಯಲ್ಲ, ಸೈಬೀರಿಯದ ಹಕ್ಕಿಗಳು ನಮ್ಮೂರಿಗೆ ಬಂದಷ್ಟೇ ಸಹಜ.

ಅವರು ಜುಲೈಯಲ್ಲಿ ಹಾಯಿಕಂಬವನ್ನು ದೋಣಿಯ ಮೇಲೆ ಮಲಗಿಸಿ, ಬೋರ್ನ್, ಮಾಸ್‌ಬ್ರಾಕ್ಟ್‌ಗಳ ಜಲದ್ವಾರಗಳಲ್ಲಿ ಮೆಟ್ಟಿಲಿಳಿದಂತೆ ಇಳಿಯುತ್ತ ಜೀಲೆಂಡ್ ಪ್ರಾಂತದ ಸಮುದ್ರ ಮುಟ್ಟಿದರು. ಅಲ್ಲಿ ಕಂಬ ನಿಲ್ಲಿಸಿ ಬೆಲ್ಜಿಯಂ, ಫ್ರಾನ್ಸ್ ತೀರಗಳುದ್ದಕ್ಕೂ ಸಾಗಿದರು. ಬಿಸ್ಕೇ ಕೊಲ್ಲಿಯನ್ನು ಶರತ್ಕಾಲದ ಬಿರುಗಾಳಿಗಳಿಗೆ ಮೊದಲೇ ದಾಟಬೇಕೆಂಬುದು ಈ ದಾರಿಯ ಹಳೆಯ ನಿಯಮ, ಅದನ್ನು ಪಾಲಿಸಿದರು. ಆದರೆ ಪೋರ್ಟೊ ನಗರದ ಬಳಿಯ ಲೇಶೋಂಯ್ಸ್ ಬಂದರಿನಲ್ಲಿ ಎಂಜಿನ್ ಕೆಟ್ಟು, ಬಿಡಿಭಾಗಕ್ಕಾಗಿ ವಾರಗಟ್ಟಲೆ ಕಾದು, ನವೆಂಬರ್ ಆಯಿತು. ದೋಣಿಯನ್ನು ಅಲ್ಲಿಯೇ ಕಟ್ಟಿ ಕ್ರಿಸ್‌ಮಸ್‌ಗೆ ಮನೆಗೆ ಬಂದವರು, ಜನವರಿಯಲ್ಲಿ ಲಾಗೋಸ್‌ವರೆಗಿನ ಉಳಿದ 300 ನಾಟಿಕಲ್ ಮೈಲಿಗೆ ಇನ್ನೆರಡು ಜೊತೆ ಕೈಗಳು ಬೇಕೆಂದು ನಮ್ಮನ್ನು ಕರೆದರು.

ಇಪ್ಪತ್ತೆರಡು ವರ್ಷಗಳಲ್ಲಿ ನಾವಿಬ್ಬರೂ ಭಾರತವಲ್ಲದ ಊರಿಗೆ ದೀರ್ಘ ರಜೆಯ ಮೇಲೆ ಹೋದದ್ದೇ ಇರಲಿಲ್ಲ. ಮೊದಲ ವರ್ಷಗಳು ಡಚ್ ಭಾಷೆಯ ಪರೀಕ್ಷೆ, ವೈದ್ಯಕೀಯ ಜ್ಞಾನದ ಪರೀಕ್ಷೆ, ಬಿಗ್ ನೋಂದಣಿ ಎಂದು ಸಂದುಹೋದವು. ಹುಬ್ಬಳ್ಳಿಯ ಎಂಬಿಬಿಎಸ್, ಆಮೇಲಿನ ಎಂಡಿ, ಎರಡನ್ನೂ ಹೊತ್ತು ಬಂದವನು ಮತ್ತೆ ವಿದ್ಯಾರ್ಥಿಯಾಗಿ ಕುಳಿತೆ. ಆಮೇಲೆ ಸಿಕ್ಕ ಪ್ರತಿಯೊಂದು ರಜೆಯೂ ಊರಿನ ಪಾಲು. ಅದರ ಬಗ್ಗೆ ದೂರಿಲ್ಲ. ಆದರೆ ಮಗಳು ಓದಲು ಬೇರೆ ಊರಿಗೆ ಹೋದ ಮೇಲೆ ನಾನೂ ನನ್ನ ಹೆಂಡತಿಯೂ ಊಟದ ಮೇಜಿನಲ್ಲಿ ಮಾತನಾಡುವ ವಿಷಯಗಳು ಎರಡೇ ಆಗಿದ್ದವು: ವಿಮಾನದ ಟಿಕೆಟ್ ದರ, ಅಮ್ಮನ ಮಾತ್ರೆಗಳು. "ಹೋಗೋಣ" ಎಂದವಳು ಅವಳು. ಧಾರವಾಡದ ಬಯಲಿನಲ್ಲಿ ಬೆಳೆದವಳು, ಈಜು ಬಾರದವಳು.

ಪೋರ್ಚುಗಲ್ಲಿನ ಈ ತೀರದಲ್ಲಿ ಬೇಸಿಗೆಯುದ್ದಕ್ಕೂ ನೊರ್ಟಾಡಾ ಎಂಬ ಉತ್ತರದ ಗಾಳಿ ಬೀಸಿ ದೋಣಿಗಳನ್ನು ತಾನೇ ದಕ್ಷಿಣಕ್ಕೆ ತಳ್ಳುತ್ತದೆ. ಚಳಿಗಾಲದಲ್ಲಿ ಹಾಗಲ್ಲ. ಅಟ್ಲಾಂಟಿಕ್ ಕಡೆಯಿಂದ ವಾಯುಭಾರ ಕುಸಿತಗಳು ಒಂದರ ಹಿಂದೊಂದು ಬರುತ್ತವೆ. ಬರುವಾಗ ನೈಋತ್ಯದ ಗಾಳಿ ಮುಖಕ್ಕೆ ಹೊಡೆಯುತ್ತದೆ, ದಾಟಿದ ಮೇಲೆ ಗಾಳಿ ವಾಯವ್ಯಕ್ಕೆ ತಿರುಗಿ ಎರಡು ಮೂರು ದಿನ ದಾರಿ ತೆರೆದಿರುತ್ತದೆ. ಆ ಕಿಂಡಿಯಲ್ಲಿ ನುಸುಳಬೇಕು. ಗಾಳಿ ಇಳಿದರೂ ಉಬ್ಬರದಲೆ ಇಳಿಯುವುದಿಲ್ಲ. ನದೀಮುಖದ ಬಂದರುಗಳ ಬಾಯಿಯಲ್ಲಿ ಅಲೆ ಮುರಿಯುವಾಗ ಒಳಗೆ ಹೋಗುವಂತಿಲ್ಲ, ಹೊರಗೆ ಬರುವಂತಿಲ್ಲ. ಗಂಗೊಳ್ಳಿಯ ಅಳಿವೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2020ರಿಂದ ಈಚೆಗೆ ಇಲ್ಲಿ ಓರ್ಕಾ ತಿಮಿಂಗಿಲಗಳು ಹಾಯಿದೋಣಿಗಳ ಚುಕ್ಕಾಣಿಯನ್ನು ಮುರಿಯುವ ಆಟ ಬೇರೆ ಕಲಿತಿವೆ. ಕೆಲವು ದೋಣಿಗಳು ಮುಳುಗಿಯೂ ಇವೆ. ನಮಗೆ ಅವು ಎದುರಾಗಲಿಲ್ಲ.

ಲೇಶೋಂಯ್ಸ್‌ನಿಂದ ಫಿಗೇರಾ ದ ಫೋಜ್‌ವರೆಗೆ ಹದಿಮೂರು ಗಂಟೆಯ ದಾರಿ. ಚಳಿಗಾಲದ ಹಗಲು ಅಷ್ಟು ಉದ್ದವಿಲ್ಲವಾದ್ದರಿಂದ ನಸುಕಿನ ಮೂರಕ್ಕೇ ಹೊರಟೆವು. ಕರಾವಳಿಯಲ್ಲಿ ಹುಟ್ಟಿದ ವೈದ್ಯ, ರೋಗಿಗಳಿಗೆ ಒಳಕಿವಿಯ ಸಮತೋಲನದ ಬಗ್ಗೆ ಪಾಠ ಹೇಳುವವನು, ನಾಲ್ಕು ಗಂಟೆಗೆಲ್ಲ ಬಕೆಟ್ಟು ಹಿಡಿದು ಕುಳಿತಿದ್ದೆ. ಧಾರವಾಡದವಳಿಗೆ ಏನೂ ಆಗಲಿಲ್ಲ. ಐದರಿಂದ ಏಳರವರೆಗೆ ಕಾವಲು ನಮ್ಮಿಬ್ಬರದು. ನೆರೆಯವರು ಒಳಗೆ ನಿದ್ರಿಸುತ್ತಿದ್ದರು. ಇಬ್ಬರೂ ಜೀವರಕ್ಷಕ ಅಂಗಿಯ ಹಗ್ಗವನ್ನು ದೋಣಿಗೆ ಬಿಗಿದುಕೊಂಡಿದ್ದೆವು. ಜನವರಿಯ ಆ ನೀರಿಗೆ ಬಿದ್ದವನನ್ನು ಮೊದಲು ಕೊಲ್ಲುವುದು ಮುಳುಗುವಿಕೆಯಲ್ಲ, ಚಳಿಯ ಆಘಾತಕ್ಕೆ ತಾನಾಗಿ ಬಾಯಿ ತೆರೆಯುವ ಆ ಮೊದಲ ಉಸಿರು. ಕತ್ತಲಲ್ಲಿ ತೀರದ ದೀಪಗಳನ್ನು ಎಣಿಸುತ್ತ ಹೆಂಡತಿ ಹೇಳಿದಳು: "ನಾವು ಈ ದೇಶಕ್ಕೆ ಬಂದ ಮೇಲೆ ನೀವು ನನ್ನ ಜೊತೆ ಎರಡು ತಾಸು ಫೋನ್ ನೋಡದೆ ಕೂತದ್ದು ಇದೇ ಮೊದಲು ನೋಡ್ರಿ." ನಾನು ಉತ್ತರಿಸುವ ಸ್ಥಿತಿಯಲ್ಲಿರಲಿಲ್ಲ, ಬಕೆಟ್ಟಿನ ಕಾರಣಕ್ಕಷ್ಟೇ ಅಲ್ಲ.

ಫಿಗೇರಾದಲ್ಲಿ ಮೂರು ದಿನ ಕಿಂಡಿಗಾಗಿ ಕಾದೆವು. ಬೀಗದ ಕೈಗೆ ಅಲ್ಲಿನವರು ಅನ್ನುವುದು ಶಾವೆ, ಮೇಜಿಗೆ ಮೇಜ಼. ನಮ್ಮ ಚಾವಿಯೂ ಮೇಜೂ ಮೇಸ್ತ್ರಿಯೂ ಇವರ ಹಡಗಿನಲ್ಲಿಯೇ ಬಂದವು. ಕುಂದಾಪುರದ ಪಕ್ಕದ ಬಸ್ರೂರಿನ ಅಕ್ಕಿಗಾಗಿ ಇಲ್ಲಿನವರು ಅಷ್ಟು ದೂರ ಬಂದು ಕೋಟೆ ಕಟ್ಟಿದ್ದರೆಂಬುದು ಆ ಪುಟ್ಟ ಬಂದರಿನಲ್ಲಿ ಕುಳಿತಾಗ ಬೇರೆಯೇ ರೀತಿ ಅರ್ಥವಾಗುತ್ತದೆ. ನೆರೆಯವರಿಗೆ ಆಗ ನಾನೊಂದು ವಿಷಯ ಹೇಳಿದೆ. ಅವರಿಗದು ತಿಳಿದೇ ಇತ್ತು. ನಮ್ಮ ನೌಕಾಪಡೆಯ ದಿಲ್ನಾ ಮತ್ತು ರೂಪಾ ಎಂಬ ಇಬ್ಬರು ಅಧಿಕಾರಿಣಿಯರು ತಾರಿಣಿ ಎಂಬ ಹಾಯಿದೋಣಿಯಲ್ಲಿ 2024ರ ಅಕ್ಟೋಬರ್ 2ರಂದು ಗೋವೆಯಿಂದ ಹೊರಟು, ಭೂಮಿಯನ್ನು ಸುತ್ತಿ, 2025ರ ಮೇ 29ರಂದು ಮರಳಿದರು. ಆ ದೋಣಿ ಕಟ್ಟಿದ್ದು ಗೋವೆಯಲ್ಲಿ, ಅದರ ವಿನ್ಯಾಸ ಮಾತ್ರ ಡಚ್ಚರ ವಾನ್ ಡೆ ಸ್ಟಾಟ್ ಸಂಸ್ಥೆಯದು.

ನಾಲ್ಕನೆಯ ದಿನ ನಜ಼ಾರೆಗೆ ಹೊರಟೆವು. ಜಗತ್ತಿನ ಅತಿ ಎತ್ತರದ ಅಲೆಗಳ ಮೇಲೆ ಜಾರುವ ಸಾಹಸಿಗಳ ಊರದು. 2020ರಲ್ಲಿ ಜರ್ಮನಿಯ ಸೆಬಾಸ್ಟಿಯನ್ ಸ್ಟೋಯ್ಟ್‌ನರ್ ಏರಿದ ಅಲೆಯ ಎತ್ತರ 26.21 ಮೀಟರ್. ಸಮುದ್ರದಡಿಯ ಆಳವಾದ ಕಣಿವೆಯೊಂದು ಆ ಅಲೆಗಳನ್ನು ಎಬ್ಬಿಸುತ್ತದೆ. ಅದೇ ಕಣಿವೆಯ ಕೃಪೆಯಿಂದ ಪಕ್ಕದ ಬಂದರಿನ ಬಾಯಿ ಮಾತ್ರ ಶಾಂತ. ಉಳಿದೆಲ್ಲ ಬಂದರುಗಳು ಮುಚ್ಚಿದಾಗಲೂ ಅಲ್ಲಿಗೆ ಹೋಗಬಹುದೆಂಬ ಖ್ಯಾತಿ ಅದಕ್ಕಿದೆ. ದಾರಿಯ ನಡುವೆ, ನಮ್ಮಲ್ಲಿ ಬೆಳಿಗ್ಗೆ ಹತ್ತು, ಊರಿನಲ್ಲಿ ಮಧ್ಯಾಹ್ನ ಮೂರೂವರೆ, ತಂಗಿಯ ಕರೆ ಬಂತು. ಎಕ್ಸ್-ರೇ ಚಿತ್ರವನ್ನು ಆಗಲೇ ಕಳುಹಿಸಿದ್ದಳು. "ಅಣ್ಣಾ, ನೀನು ಬರುವ ತನಕ ಆಪರೇಷನ್ ನಿಲ್ಲಿಸುವಾ ಅಂತ ದೊಡ್ಡಮಾವ ಹೇಳ್ತಿದ್ದಾರೆ." ಎಂಬತ್ತೆರಡು ವರ್ಷದವರ ತೊಡೆಯ ಮೂಳೆಯ ಶಸ್ತ್ರಚಿಕಿತ್ಸೆಗೆ ಒಂದೆರಡು ದಿನ ತಡವಾದರೂ ಶ್ವಾಸಕೋಶದ ಸೋಂಕು, ರಕ್ತ ಹೆಪ್ಪುಗಟ್ಟುವಿಕೆಗಳ ಅಪಾಯ ಏರುತ್ತದೆ. ಮಗನ ಮುಖ ನೋಡಲೆಂದು ಶಸ್ತ್ರಚಿಕಿತ್ಸೆಯನ್ನು ಕಾಯಿಸಬೇಡಿ ಎಂದೆ. ನಾಳೆಯೇ ಆಗಲಿ ಎಂದೆ. ನಜ಼ಾರೆ ಮುಟ್ಟಲು ಇನ್ನೂ ನಾಲ್ಕು ಗಂಟೆ ಇತ್ತು. ಆ ನಾಲ್ಕು ಗಂಟೆಗಳನ್ನು ಬಣ್ಣಿಸಲಾರೆ. ನೆರೆಯವರು ಎಂಜಿನ್ ಹೊತ್ತಿಸಿ, ಹಾಯಿಯನ್ನೂ ಬಿಚ್ಚಿ, ಒಂದು ಮಾತನ್ನೂ ಆಡದೆ ದೋಣಿ ಓಡಿಸಿದರು. ಬಂದರಿನಿಂದ ಲಿಸ್ಬನ್, ಅಲ್ಲಿಂದ ವಿಮಾನ. ಮೂರನೆಯ ದಿನ ಮಧ್ಯಾಹ್ನ ಆಸ್ಪತ್ರೆಯ ಮೆಟ್ಟಿಲು ಹತ್ತಿದೆ. ಶಸ್ತ್ರಚಿಕಿತ್ಸೆ ಹಿಂದಿನ ದಿನವೇ ಸಾಂಗವಾಗಿ ಮುಗಿದಿತ್ತು.

ನನ್ನ ತಕರಾರು ಇಲ್ಲಿಂದ ಆರಂಭವಾಗುತ್ತದೆ. ಎಂಟು ವರ್ಷಗಳ ಹಿಂದೆ ತಂದೆಯವರು ತೀರಿಕೊಂಡಾಗ ನಾನು ಮಾಸ್ಟ್ರಿಕ್ಟಿನ ಆಸ್ಪತ್ರೆಯ ವಾರ್ಡಿನಲ್ಲಿದ್ದೆ. ಆಗ ಊರು ಮುಟ್ಟಿದ್ದು ಮೂರನೆಯ ದಿನ ಬೆಳಿಗ್ಗೆ. ಈ ಸಲಕ್ಕಿಂತ ಅರ್ಧ ದಿನ ಮೊದಲು, ಅಷ್ಟೇ. ಮುಖ ನೋಡಲು ಸಿಗಲಿಲ್ಲ. ಆಗ ಯಾರೂ ಒಂದು ಮಾತು ಅನ್ನಲಿಲ್ಲ. "ಪಾಪ, ಡ್ಯೂಟಿಯಲ್ಲಿದ್ದನಂತೆ" ಎಂದು ಕಣ್ಣೊರೆಸಿಕೊಂಡರು. ಈ ಸಲ "ಮಜಾ ಮಾಡಲು ಹೋಗಿದ್ದನಂತೆ" ಎಂದರು. ದೂರ ಒಂದೇ, ತಡವೂ ಹೆಚ್ಚುಕಡಿಮೆ ಒಂದೇ. ಸಂಬಳಕ್ಕಾಗಿ ದೂರವಿದ್ದರೆ ಕ್ಷಮೆಯಿದೆ, ಸಂತೋಷಕ್ಕಾಗಿ ಇದ್ದರೆ ಇಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ಬಿಸಿಲಿಗೆ ಕಂದಿದ ಮುಖವನ್ನು ನೋಡಿದ ಹಿರಿಯರ ಕಣ್ಣಿನಲ್ಲಿ ಅದನ್ನು ಸ್ಪಷ್ಟವಾಗಿ ಓದಿದೆ. ತಾಯಿಯಿಂದ ಏಳು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹೋಗುವ ನಿರ್ಧಾರ ಮಾಡಿದ್ದು ಕಳೆದ ಜನವರಿಯಲ್ಲಿ ಅಲ್ಲ, ಇಪ್ಪತ್ತೆರಡು ವರ್ಷಗಳ ಹಿಂದೆ. ಆ ದಿನ ಇದೇ ಹಿರಿಯರು ಆರತಿ ಎತ್ತಿ ಕಳುಹಿಸಿದ್ದರು. ತಪ್ಪಿದ್ದರೆ ಅಲ್ಲಿದೆ, ದೋಣಿಯಲ್ಲಿ ಇಲ್ಲ.

ನಮ್ಮವರ ಇನ್ನೊಂದು ಮಾತೂ ಉಂಟು: ಆ ಬಿಳಿಯರಿಗೆ ಸಂಸಾರದ ಹೊಣೆಯಿಲ್ಲ, ಹಾಗಾಗಿ ತೇಲುತ್ತಾರೆ ಎಂದು. ನಮ್ಮ ನೆರೆಯಾಕೆಯ ತಾಯಿ ಮಾಸ್ಟ್ರಿಕ್ಟಿನಲ್ಲಿಯೇ ವೃದ್ಧರ ನಿವಾಸದಲ್ಲಿದ್ದರು. ಅವರು ತೀರಿಕೊಳ್ಳುವವರೆಗೆ, ಒಂಬತ್ತು ವರ್ಷ, ಈಕೆ ವಾರಕ್ಕೆ ಮೂರು ದಿನ ತಪ್ಪದೆ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದುದನ್ನು ನಾನು ನನ್ನ ಕಿಟಕಿಯಿಂದ ನೋಡಿದ್ದೇನೆ. ಆ ಒಂಬತ್ತು ವರ್ಷ ದೋಣಿ ಬಾಸಿನ್ ಬಿಟ್ಟು ಕದಲಲಿಲ್ಲ. ತಾಯಿಯ ಊರಿನಲ್ಲಿಯೇ ಇದ್ದವಳು ಅವಳು. ಆಕೆಗೆ ಹೊಣೆಯಿಲ್ಲವೆಂದು ಹೇಳುತ್ತಿರುವವನು ತಾಯಿಯನ್ನು ಫೋನಿನಲ್ಲಿ ನೋಡಿಕೊಂಡ ನಾನು, ಅಥವಾ ನನ್ನ ಬಂಧುಗಳು.

ಹೊರಡಲಿರುವವರು ಭಾವನೆಯ ಲೆಕ್ಕದ ಜೊತೆಗೆ ಕಾಗದದ ಲೆಕ್ಕವನ್ನೂ ತಿಳಿದಿರುವುದು ಒಳ್ಳೆಯದು. ಯುರೋಪಿಯನ್ ಪೌರತ್ವವೆಂಬುದನ್ನು ಹುಟ್ಟುಹಾಕಿದ ಒಪ್ಪಂದಕ್ಕೆ 1992ರ ಫೆಬ್ರವರಿ 7ರಂದು ಸಹಿ ಬಿದ್ದದ್ದು ನಮ್ಮ ಮಾಸ್ಟ್ರಿಕ್ಟಿನಲ್ಲಿಯೇ. ನನ್ನ ನೆರೆಯವರು ಲಾಗೋಸ್‌ನಲ್ಲಿ ಚಳಿಗಾಲವಿಡೀ ಕುಳಿತಿರಬಹುದು. ಭಾರತದ ಪಾಸ್‌ಪೋರ್ಟ್ ಮತ್ತು ಇಲ್ಲಿನ ವಾಸದ ಪರವಾನಗಿ ಇರುವವರು ಪಕ್ಕದ ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಆ ಕಟ್ಟು ಬೇಡವೆಂದರೆ ಭಾರತದ ಪೌರತ್ವ ಬಿಡಬೇಕು. ನಾನು ಬಿಟ್ಟಿದ್ದೇನೆ, ಈಗ ಹುಟ್ಟಿದೂರಿಗೆ ಒಸಿಐ ಕಾರ್ಡು ತೋರಿಸಿ ಇಳಿಯುತ್ತೇನೆ. ಇನ್ನು ಪಿಂಚಣಿ. ಇಲ್ಲಿನ ಸರ್ಕಾರಿ ವೃದ್ಧಾಪ್ಯ ವೇತನ ಈಗ 67ಕ್ಕೆ ಆರಂಭವಾಗುತ್ತದೆ, ಇಲ್ಲಿ ಕಳೆದ ಪ್ರತಿ ವರ್ಷಕ್ಕೆ ಶೇಕಡ 2ರಂತೆ, 50 ವರ್ಷಕ್ಕೆ ಪೂರ್ತಿ. 34ರಲ್ಲಿ ಬಂದ ನನಗೆ ಸಿಗುವುದು ಶೇಕಡ 66. ನೆರೆಯವರು 64ಕ್ಕೇ ಹಾಯಿ ಬಿಚ್ಚಿದ್ದರಲ್ಲಿ ಮನೋಧರ್ಮವೂ ಇದೆ, ಇಲ್ಲಿಯೇ ಹುಟ್ಟಿದ ಅನುಕೂಲವೂ ಇದೆ. ಅವರ ಜೀವನಶೈಲಿಯನ್ನು ನೋಡಿ ವಿಮಾನ ಹತ್ತುವವರು ಈ ಎರಡನೆಯದನ್ನು ಮರೆಯುತ್ತಾರೆ.

ಅಮ್ಮನ ವಿಷಯಕ್ಕೆ ಬರುತ್ತೇನೆ. ಮಂಪರಿನಿಂದ ಎಚ್ಚರವಾದಾಗ ಅವರು ಕೇಳಿದ್ದು ಎರಡೇ ಪ್ರಶ್ನೆ. "ಹೆದ್ರಿಕೆ ಆಯ್ತಾ ಮಗಾ?" ಎಂದು ಮೊದಲು. ಆಮೇಲೆ, "ಗಾಳಿ ಯಾವ ಬದಿಯಿಂದ ಇತ್ತ್?" ವಾಯವ್ಯದಿಂದ ಎಂದೆ. ಅಮ್ಮನ ತಂದೆ, ನಮ್ಮ ಅಜ್ಜಯ್ಯ, ಗಂಗೊಳ್ಳಿಯಿಂದ ಹಂಚು ತುಂಬಿದ ಮಂಜಿಯಲ್ಲಿ ಕಲ್ಲಿಕೋಟೆಯ ಕಡೆಗೆ ಹೋಗುತ್ತಿದ್ದವರು. ಮಳೆಗಾಲ ಮುಗಿದು, ಕಡಲಿಗೆ ತೆಂಗಿನಕಾಯಿ ಬಿಟ್ಟ ಮೇಲೆ, ಹಗಲು ಕಡಲ ಗಾಳಿ, ರಾತ್ರಿ ನೆಲದ ಗಾಳಿ ಹಿಡಿದು ತೀರದುದ್ದಕ್ಕೂ ದಕ್ಷಿಣಕ್ಕೆ. ಹೋದವರ ಸುದ್ದಿ ವಾರಗಟ್ಟಲೆ ಬರುತ್ತಿರಲಿಲ್ಲವಂತೆ. ಅಜ್ಜಿಯ ಎರಡನೆಯ ಹೆರಿಗೆಯ ಹೊತ್ತಿನಲ್ಲಿಯೂ ಅವರು ಕಡಲಲ್ಲಿಯೇ ಇದ್ದರು ಎಂದು ಅಮ್ಮ ಆ ದಿನ ಮೊದಲ ಬಾರಿಗೆ ಹೇಳಿದರು. ಅಜ್ಜಯ್ಯನನ್ನು ಯಾರೂ ಬೈದಿರಲಿಕ್ಕಿಲ್ಲ. ಅದು ಡ್ಯೂಟಿ.

ಆಸ್ಪತ್ರೆಯಲ್ಲಿ ಕಳೆದ ಮೂರು ವಾರಗಳಲ್ಲಿ ನನ್ನ ದೋಣಿಯ ಬಗ್ಗೆ ಕೇಳಿದವರು ಹತ್ತಿಪ್ಪತ್ತು ಮಂದಿ. ಅಮ್ಮನನ್ನು ಮೀಯಿಸುವವರು ಯಾರು, ರಾತ್ರಿ ಮಗ್ಗುಲು ಹೊರಳಿಸುವವರು ಯಾರು ಎಂದು ಒಬ್ಬರೂ ಕೇಳಲಿಲ್ಲ, ಉತ್ತರ ಎಲ್ಲರಿಗೂ ಗೊತ್ತಿದ್ದುದರಿಂದ. ಮಗ ಎಲ್ಲಿದ್ದ ಎಂಬ ಗದ್ದಲದಲ್ಲಿ ಮಗಳು ಅಲ್ಲಿಯೇ ಇದ್ದಳು ಎಂಬುದು ಯಾರ ಲೆಕ್ಕಕ್ಕೂ ಬರಲಿಲ್ಲ. ತಡವಾಗಿ ಬಂದ ನನ್ನ ಲೆಕ್ಕಕ್ಕೂ ಅದು ತಡವಾಗಿಯೇ ಬಂತು: ತಂಗಿಯೂ ಭಾವನೂ ಹನ್ನೊಂದು ವರ್ಷಗಳಿಂದ ಒಂದು ರಾತ್ರಿ ಕೂಡ ಜೊತೆಯಾಗಿ ಊರು ಬಿಟ್ಟು ತಂಗಿಲ್ಲ.

ಅಮ್ಮ ಈಗ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ನೆರೆಯವರ ದೋಣಿ ಲಾಗೋಸ್ ಮುಟ್ಟಿದೆ. ಈ ಚಳಿಗಾಲ ಅಲ್ಲಿಂದ ಸ್ಪೇನಿನ ತೀರದತ್ತ ಹೋಗುವ ಯೋಚನೆಯಿದೆ, ನಮ್ಮನ್ನೂ ಕರೆದಿದ್ದಾರೆ. ಮಾರ್ಚಿನಲ್ಲಿ ಬರುತ್ತೇವೆ ಎಂದಿದ್ದೇವೆ, ಏಕೆಂದರೆ ಜನವರಿಯಲ್ಲಿ ನಾವಿಬ್ಬರೂ ಐದು ವಾರ ಕುಂದಾಪುರದಲ್ಲಿರುತ್ತೇವೆ. ಮೀಯಿಸುವ, ಮಾತ್ರೆ ಕೊಡುವ, ರಾತ್ರಿ ಏಳುವ ಕೆಲಸ ನಮ್ಮದು. ತಂಗಿಗೆ ಫೋನ್ ಮಾಡಿ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದೆ. ಕರಾವಳಿಯ ರಸ್ತೆ ಹಿಡಿದು ಕನ್ಯಾಕುಮಾರಿಗೆ ಎಂದಳು. ಭಾವ ಆಗಲೇ ಕಾರನ್ನು ಸರ್ವೀಸಿಗೆ ಬಿಟ್ಟಿದ್ದಾರಂತೆ.