ಬೆಕ್ಕಿಗೂ ಹಲ್ಲುನೋವು ಬರುತ್ತೆ ಸ್ವಾಮಿ

"13 ವರ್ಷದ ಬೆಕ್ಕಿಗೆ ಹಲ್ಲಿನ ಟ್ರೀಟ್‌ಮೆಂಟಾ? ವಯಸ್ಸಾಯ್ತು ಬಿಡಿ" ಅನ್ನೋರಲ್ಲಿ ಬೆಕ್ಕು ಸಾಕಿದವರೂ ಇದ್ದಾರೆ. ಮರಿಯಾಗಿದ್ದಾಗ ಅದರ ರೀಲ್ಸ್ ಹಾಕಿ ಲೈಕ್ ಎಣಿಸಿದವರು! ಬೆಕ್ಕು ನೋವು ಬಚ್ಚಿಡೋ ಪ್ರಾಣಿ. ಒಸಡು ಕೊಳೆತು ಬಾಯಿ ನಾರುತ್ತಿದ್ದರೂ ತಟ್ಟೆ ಮುಂದೆ ಬಂದು ಕೂರುತ್ತೆ, ಒಂದೇ ಪಕ್ಕದಲ್ಲಿ ಅಗಿಯುತ್ತೆ. ಅದು ವಯಸ್ಸಲ್ಲ, ಕಾಯಿಲೆ.

ಬಿಲ್ ದೊಡ್ಡದು, ನಿಜ. 'ಆ' ಅನ್ನು ಅಂದರೆ ಬೆಕ್ಕು ಬಾಯಿ ತೆರೆಯೋದಿಲ್ಲವಲ್ಲ. ರಕ್ತಪರೀಕ್ಷೆ, ಪೂರ್ತಿ ಅರಿವಳಿಕೆ, ಎಕ್ಸ್‌-ರೇ, ಆಮೇಲೆ ಹಲ್ಲು. ಒಂದೊಂದಕ್ಕೂ ಎಷ್ಟು ಅಂತ ಬಿಡಿಸಿ ಬರೆಸಿಕೊಳ್ಳಿ, ನಾಚಿಕೆ ಯಾಕೆ? ಬೆಂಗಳೂರಿನವರಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೂ ವಿಚಾರಿಸಿ. ಅದೂ ಆಗಲ್ಲವಾ? ನೋವಿನ ಔಷಧಿಯನ್ನಾದರೂ ಡಾಕ್ಟರ್ ಹತ್ತಿರ ಬರೆಸಿ ತನ್ನಿ. ನಿಮ್ಮ ಡೋಲೊ ಕೊಟ್ಟೀರಾ, ಜೋಕೆ! ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ.