ಕೋಚ್ ಯಾವ ಊರಿನವರು?

ಮಳೆಗಾಲದಲ್ಲಿ ಬೇಕೆಂದೇ ಕ್ರಿಕೆಟ್ ಆಡುವ ಊರು ಈ ಮುಂಬಯಿ. 1948ರಲ್ಲಿ ಆರಂಭವಾದ ಕಾಂಗಾ ಲೀಗ್ ಅದಕ್ಕೆ ಸಾಕ್ಷಿ. ಕೆಸರಿನಲ್ಲಿ ಜಾರಿ ಬೀಳುವ ವಯಸ್ಸು ದಾಟಿದ ನಮ್ಮಂಥವರು ಮನೆಯೊಳಗೆ ಕುಳಿತು ಬಾಯಿಯಲ್ಲೇ ಆಡುತ್ತೇವೆ. ಈ ಆಟದಲ್ಲಿ ಔಟಾಗುವ ಭಯವಿಲ್ಲ.

2016ರ ಜೂನ್ ತಿಂಗಳಲ್ಲಿ ಒಂದು ಭಾನುವಾರ ಮಾಟುಂಗಾದ ನಮ್ಮ ಮನೆಯಲ್ಲಿ ಇಂಥದೇ ಒಂದು ಆಟ ನಡೆಯಿತು. ಭಾರತ ತಂಡಕ್ಕೆ ಹೊಸ ಕೋಚ್ ಬೇಕಾಗಿತ್ತು. ಮಂಡಳಿಗೆ 57 ಅರ್ಜಿಗಳು ಬಂದಿದ್ದವು. ಆರಿಸುವ ಕೆಲಸವೇನೋ ತೆಂಡೂಲ್ಕರ್, ಗಂಗೂಲಿ, ಲಕ್ಷ್ಮಣ್ ಈ ಮೂವರ ಸಮಿತಿಯದು. ಆದರೇನಂತೆ, ನಮ್ಮಲ್ಲೂ ಒಂದು ಸಮಿತಿ ಕೂಡಿತು: ಮೈಸೂರಿನವರೊಬ್ಬರು, ಮಂಗಳೂರಿನವರೊಬ್ಬರು, ಧಾರವಾಡದವರೊಬ್ಬರು. ಹೆಸರುಗಳು ಬೇಡ. ಮೂವತ್ತು ನಲವತ್ತು ವರ್ಷಗಳಿಂದ ಇಲ್ಲಿಯೇ ಇದ್ದರೂ ನಾವು ಒಬ್ಬರನ್ನೊಬ್ಬರು ಗುರುತಿಸುವುದು ಬಿಟ್ಟುಬಂದ ಊರಿನಿಂದಲೇ ಅಲ್ಲವೇ?

"ಕುಂಬ್ಳೆ ಬಿಟ್ಟರೆ ಇನ್ಯಾರಿದ್ದಾರೆ ಸ್ವಾಮಿ?" ಎಂದು ಮೈಸೂರಿನವರು ಶುರುಮಾಡಿದರು. "ಟೆಸ್ಟಿನಲ್ಲಿ 619 ವಿಕೆಟ್. 2002ರಲ್ಲಿ ಆಂಟಿಗಾದಲ್ಲಿ ದವಡೆ ಮುರಿದಿದ್ದಾಗ ತಲೆಗೆ ಪಟ್ಟಿ ಕಟ್ಟಿಸಿಕೊಂಡು ಬಂದು ಲಾರಾನನ್ನು ಔಟ್ ಮಾಡಿದ ಮನುಷ್ಯ!"

"ಅದೆಲ್ಲ ಸರಿ. ಕೋಚ್ ಕೆಲಸ ಮಾಡಿದ ಅನುಭವ ಉಂಟಾ ಅವರಿಗೆ?" ಎಂದರು ಮಂಗಳೂರಿನವರು. "ರವಿ ಶಾಸ್ತ್ರಿ 2014ರಿಂದ ತಂಡದ ಡೈರೆಕ್ಟರ್ ಆಗಿದ್ದವರು. ಹುಡುಗರ ಮನಸ್ಸು ಬಲ್ಲವರು. ಮತ್ತೆ, ಅವರ ಮೂಲ ನಮ್ಮ ಮಂಗಳೂರು ಕಡೆಯದ್ದು ಮಾರಾಯ್ರೆ."

"ಹುಟ್ಟಿದ್ದು ಮುಂಬಯಿಯಲ್ಲಲ್ಲವೇ?"

"ಹಾಗಾದ್ರೆ ನಿಮ್ಮ ಕುಂಬ್ಳೆಯವರ ಕುಂಬಳೆ ಎಲ್ಲುಂಟು? 1956ರಿಂದ ಕೇರಳದಲ್ಲಿ ಉಂಟು!"

ಮಾತು ಕ್ರಿಕೆಟ್ಟನ್ನು ಬಿಟ್ಟು ಕಾಸರಗೋಡಿಗೆ ಹೋಯಿತು. ಅಲ್ಲಿಂದ ಯಾವ ಮಾತೂ ಬೇಗ ಹಿಂದಿರುಗಿ ಬರುವುದಿಲ್ಲವೆಂದು ಓದುಗರಿಗೆ ಗೊತ್ತೇ ಇದೆ. ಅಷ್ಟು ಹೊತ್ತೂ ಚಕ್ಕುಲಿ ಮುರಿಯುತ್ತ ಕುಳಿತಿದ್ದ ಧಾರವಾಡದವರು ಬಾಯಿ ಬಿಟ್ಟರು: "ಏನ್ರೀ, ನೀವು ಟೀಮಿಗೆ ಕೋಚ್ ಹುಡುಕಾಕತ್ತೀರೋ, ಮಗಳಿಗೆ ವರಾ ಹುಡುಕಾಕತ್ತೀರೋ? ಮೂಲ ಯಾವುದು, ಮನಿತನ ಯಾವುದು ಅಂತ ಕೇಳ್ತೀರಲ್ಲ!"

ಎಲ್ಲರೂ ನಕ್ಕೆವು. ನಗುವ ಹೊತ್ತಿಗೇ ನಮ್ಮ ಮಗ ಕಾಲೇಜಿನ ಗೆಳೆಯರೊಡನೆ ಆಡಿ, ಮಂಡಿಯವರೆಗೆ ಕೆಸರು ಮಾಡಿಕೊಂಡು ಒಳಗೆ ಬಂದ. ಟವಲಿನಿಂದ ತಲೆ ಒರೆಸುತ್ತಲೇ ತೀರ್ಪು ಕೊಟ್ಟ: "ಶಾಸ್ತ್ರಿನೇ ನಮ್ಮವರು ಅಪ್ಪಾ. ಮಂಗಳೂರಿಗೋಸ್ಕರ ಅಲ್ಲ, ಮಾಟುಂಗಾಕ್ಕೋಸ್ಕರ. ಓದಿದ್ದು ಇಲ್ಲೇ ಡಾನ್ ಬಾಸ್ಕೋದಲ್ಲಿ, ಪೋದಾರ್ ಕಾಲೇಜಿನಲ್ಲಿ. ಕುಂಬ್ಳೆ ನಿಮ್ಮವರು."

ಅವನು ಸ್ನಾನಕ್ಕೆ ಹೋದ. ನಾವು ಕಾಫಿ ಲೋಟ ಹಿಡಿದು ಹಾಗೆಯೇ ಕುಳಿತೆವು. ಕೋಚ್ ಯಾರಾದರೂ ಆಗಲಿ, 'ನಿಮ್ಮವರು' ಎಂಬ ಆ ಮಾತು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು.

ನಮ್ಮ ತಂದೆಯವರ ಕಾಲದಲ್ಲಿ ಈ ತೊಡಕಿರಲಿಲ್ಲ. 15 ವರ್ಷ ಒಂದೇ ಸಮನೆ ರಣಜಿ ಟ್ರೋಫಿ ಗೆದ್ದ ಮುಂಬಯಿಯನ್ನು 1973-74ರ ಸಾಲಿನ ಸೆಮಿಫೈನಲಿನಲ್ಲಿ ಪ್ರಸನ್ನರ ನಾಯಕತ್ವದ ತಂಡ ಬೆಂಗಳೂರಿನಲ್ಲಿ ಹಿಂದೆ ಹಾಕಿತು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದು ಆಗಿನ್ನೂ ಕೆಲವೇ ತಿಂಗಳು. ನಮ್ಮ ತಂದೆ ಚಾಳಿನ ಕೋಣೆಯ ಬಾಗಿಲು ಹಾಕಿಕೊಂಡು, ನಮಗೆಲ್ಲ ಒಂದೊಂದು ಮೈಸೂರು ಪಾಕು ಕೊಟ್ಟು, ಬಾಯಿ ಒರೆಸಿಸಿಯೇ ಹೊರಗೆ ಬಿಟ್ಟರು. ಪಕ್ಕದ ಮನೆಯವರು ಒಳ್ಳೆಯ ಜನ. ಅವರ ಮುಂದೆ ಸಂತೋಷ ಪಡುವುದು ಚೆನ್ನಾಗಿರುವುದಿಲ್ಲ ಎಂಬುದು ಅವರ ಲೆಕ್ಕ. 'ನಮ್ಮವರು' ಯಾರೆಂಬ ಅನುಮಾನ ಅವರಿಗೆ ಎಂದೂ ಬರಲಿಲ್ಲ.

ಅತ್ತ ಸಮಿತಿ ಕುಂಬ್ಳೆಯವರನ್ನೇ ಆರಿಸಿತು. ಒಂದು ವರ್ಷದಲ್ಲಿ 17 ಟೆಸ್ಟು, 12 ಗೆಲುವು, ಸೋಲು ಒಂದೇ. ಆ ಒಂದು ಸೋಲು ಪುಣೆಯಲ್ಲಿ ಆಸ್ಟ್ರೇಲಿಯದ ಎದುರು, 333 ರನ್ನುಗಳಿಂದ. ಪುಣೆಯ ಓದುಗರಿಗೆ ಅದನ್ನು ನೆನಪಿಸಿದ್ದಕ್ಕೆ ಕ್ಷಮೆ ಇರಲಿ. ಮೈಸೂರಿನವರು ಆ ವರ್ಷವೆಲ್ಲ ಎದೆಯುಬ್ಬಿಸಿ ನಡೆದರು. 2017ರ ಜೂನ್ 18ರಂದು ಚಾಂಪಿಯನ್ಸ್ ಟ್ರೋಫಿ ಫೈನಲಿನಲ್ಲಿ ಪಾಕಿಸ್ತಾನದ ಎದುರು ಸೋಲು. ಎರಡೇ ದಿನದಲ್ಲಿ ಕುಂಬ್ಳೆಯವರ ರಾಜೀನಾಮೆ. ತಮ್ಮ ರೀತಿನೀತಿ ನಾಯಕ ಕೊಹ್ಲಿಗೆ ಒಗ್ಗಲಿಲ್ಲವೆಂದು ಅವರೇ ತಿಳಿಸಿದರು.

ಅಮೆರಿಕದ ಬೇಸ್‌ಬಾಲಿನಲ್ಲಿ ಮ್ಯಾನೇಜರ್ ಎಂಬಾತ ಆಟಗಾರರಂತೆಯೇ ಸಮವಸ್ತ್ರ ತೊಟ್ಟು ಅಂಗಳದ ಅಂಚಿನಲ್ಲಿ ಕೂರುತ್ತಾನೆ. ಯಾರು ಮೊದಲು ಬ್ಯಾಟು ಹಿಡಿಯಬೇಕು, ಚೆಂಡೆಸೆಯುವವನನ್ನು ಯಾವಾಗ ಬದಲಿಸಬೇಕು, ಎಲ್ಲವೂ ಅವನ ಮಾತಿನಂತೆ. ಹಾಗಾಗಿ ಮುಂದಿನ ಮ್ಯಾನೇಜರ್ ಯಾರೆಂದು ಅಲ್ಲಿಯ ಜನ ಜಗಳವಾಡುವುದರಲ್ಲಿ ಅರ್ಥವಿದೆ. ನಮ್ಮ ಕ್ರಿಕೆಟ್ಟಿನಲ್ಲಿ ಮೈದಾನಕ್ಕಿಳಿದ ಮೇಲೆ ನಾಯಕನದೇ ಕಾರುಬಾರು. ಕೋಚ್ ಹೊರಗೆ ಕುಳಿತು ನೋಡಬೇಕು. ಮಕ್ಕಳು ದೊಡ್ಡವರಾದ ಮನೆಯಲ್ಲಿ ಹಿರಿಯರ ಸ್ಥಾನವೆನ್ನಿ: ಬುದ್ಧಿ ಹೇಳಬಹುದು, ಕೇಳಲೇಬೇಕೆಂಬ ಕಾನೂನಿಲ್ಲ. ಕುಂಬ್ಳೆಯವರ ಶಿಸ್ತು ಸರಿಯೋ ಹುಡುಗರ ಬಿಗುಮಾನ ಸರಿಯೋ ಎಂದು ನಮ್ಮ ಸಮಿತಿ ಮೂರು ಭಾನುವಾರ ಚರ್ಚಿಸಿತು. ಗೆದ್ದು ತೋರಿಸಿದವರನ್ನು ಹೀಗೆ ಕಳಿಸಬಾರದಿತ್ತೆಂಬುದು ನಮ್ಮ ಅಭಿಪ್ರಾಯ. ಇದನ್ನು ಬರೆಯುವಾಗ ನಾವು ಎಷ್ಟು ಕ್ರಿಕೆಟ್ ಪ್ರೇಮಿಗಳು, ಎಷ್ಟು ಕನ್ನಡಿಗರು ಎಂಬುದನ್ನು ಮಾತ್ರ ಬಿಡಿಸಿ ಹೇಳಲಾರೆವು.

ಜುಲೈಯಲ್ಲಿ ಶಾಸ್ತ್ರಿ ಕೋಚ್ ಆದರು. ಮಂಗಳೂರಿನವರು ಸಿಹಿ ತಂದರು. ಮೈಸೂರಿನವರು ಸಕ್ಕರೆ ಕಾಯಿಲೆಯ ನೆಪ ಹೇಳಿದರು. 2018-19ರಲ್ಲಿ ಭಾರತ ಆಸ್ಟ್ರೇಲಿಯದ ನೆಲದಲ್ಲಿ ಮೊತ್ತಮೊದಲ ಬಾರಿಗೆ ಟೆಸ್ಟ್ ಸರಣಿ ಗೆದ್ದಿತು. ಮುಂದಿನ ಪ್ರವಾಸದಲ್ಲಿ ಅಡಿಲೇಡಿನಲ್ಲಿ 36ಕ್ಕೆ ಆಲ್ ಔಟಾಗಿಯೂ 2021ರ ಜನವರಿಯಲ್ಲಿ ಬ್ರಿಸ್ಬೇನಿನಲ್ಲಿ ಗೆದ್ದು ಸರಣಿಯನ್ನು ಉಳಿಸಿಕೊಂಡಿತು. ಅಂದು ಮೈಸೂರಿನವರು ತಾವಾಗಿಯೇ ಫೋನು ಮಾಡಿ, "ಆ ಶಾಸ್ತ್ರಿ ಪರವಾಗಿಲ್ಲ ಕಣ್ರೀ" ಎಂದರು. ಅವರ ಬಾಯಲ್ಲಿ ಇದು ದೊಡ್ಡ ಬಿರುದು.

ಅದೇ ವರ್ಷ ನವೆಂಬರಿನಲ್ಲಿ ರಾಹುಲ್ ದ್ರಾವಿಡ್ ಬಂದಾಗ ನಮ್ಮ ಸಮಿತಿಯಲ್ಲಿ ಚರ್ಚೆಯೇ ಇಲ್ಲ. ಮೂವರೂ ಒಕ್ಕೊರಲಿನಿಂದ, "ನಮ್ಮವರು!" ದೀಪಾವಳಿಗೆ ಊರಿಗೆ ಬಂದಿದ್ದ ಮಗ (ಅಷ್ಟರಲ್ಲಿ ಅವನಿಗೆ ಬೆಂಗಳೂರಿನಲ್ಲಿ ಕೆಲಸವಾಗಿತ್ತು) ಮೆಲ್ಲಗೆ ಕೇಳಿದ: "ದ್ರಾವಿಡ್ ಹುಟ್ಟಿದ್ದು ಇಂದೋರಿನಲ್ಲಿ. ಮನೆಮಾತು ಮರಾಠಿ. ಬೆಂಗಳೂರಿನಲ್ಲಿ ಬೆಳೆದರು ಅಂತ ನಿಮ್ಮವರಾದರು. ಇಲ್ಲೇ ಹುಟ್ಟಿ ಇಲ್ಲೇ ಬೆಳೆದ ನಾನು ಮುಂಬಯಿಯವನು ಅಂದರೆ ಮಾತ್ರ ನಿಮಗೆ ಯಾಕಪ್ಪಾ ಬೇಜಾರು?"

ಮೈಸೂರಿನವರು ಫ್ಯಾನಿನ ಕಡೆ ನೋಡಿದರು. ಮಂಗಳೂರಿನವರಿಗೆ ರೈಲಿನ ಹೊತ್ತು ನೆನಪಾಯಿತು. ಧಾರವಾಡದವರು, "ಹುಡುಗ ಖರೇ ಹೇಳ್ತಾನ ನೋಡ್ರಿ" ಎಂದು ಇನ್ನೊಂದು ಚಕ್ಕುಲಿಗೆ ಕೈ ಹಾಕಿದರು. ಐದು ವರ್ಷದಿಂದ ಗಂಟಲಲ್ಲಿದ್ದ 'ನಿಮ್ಮವರು' ಅಂದು ಸ್ವಲ್ಪ ಸಡಿಲವಾದಂತಾಯಿತು. ಬೇಜಾರು ಅವನ ಮೇಲಲ್ಲ, ಅವನನ್ನು ಈ ಊರಿಗೆ ಬಿಟ್ಟುಕೊಟ್ಟರೆ ನಮ್ಮ ಕೈಯಲ್ಲಿ ಏನು ಉಳಿಯುತ್ತದೆಂಬ ಭಯ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ತಂದೆಯಾದವರು ಇಂಥದನ್ನೆಲ್ಲ ಎದುರಿಗೆ ಎಲ್ಲಿ ಹೇಳುತ್ತಾರೆ!

2024ರ ಜೂನ್ 29ರಂದು ಬಾರ್ಬಡೋಸಿನಲ್ಲಿ ಟಿ20 ವಿಶ್ವಕಪ್ ಗೆದ್ದು ದ್ರಾವಿಡ್ ಕೆಲಸ ಬಿಟ್ಟರು. ಮುಂದಿನ ಕೋಚ್ ಯಾರೆಂಬ ಮಾತು ಮತ್ತೆ ಎದ್ದಿತು. ಜುಲೈಯಲ್ಲಿ ದಿಲ್ಲಿಯ ಗೌತಮ್ ಗಂಭೀರ್ ಹೆಸರು ಪ್ರಕಟವಾಯಿತು. ಅಂದು ರಾತ್ರಿ ಮಗನ ಫೋನು. "ಇಲ್ಲಿ ಆಫೀಸಿನಲ್ಲಿ ನನ್ನನ್ನು ಬಾಂಬೆಯವನು ಅಂತಲೇ ಕರೀತಾರೆ ಅಪ್ಪಾ," ಎಂದು ನಕ್ಕ. "ಇವತ್ತು ಊಟದ ಹೊತ್ತಿನಲ್ಲಿ ಒಬ್ಬನ ಜೊತೆ ದೊಡ್ಡ ಜಗಳ. ಗಂಭೀರ್ ಏನೇ ಮಾಡಲಿ, ನಮ್ಮ ದ್ರಾವಿಡ್ ತರಹ ಆಗಲ್ಲ ಅಂದುಬಿಟ್ಟೆ."

ಯಾವ 'ನಮ್ಮ' ಎಂದು ಕೇಳಬೇಕೆಂದಿದ್ದೆವು. ಅಷ್ಟರಲ್ಲಿ ಅವನ ತಾಯಿ ಫೋನು ಕಸಿದುಕೊಂಡು, ಊಟಕ್ಕೆ ಏನಿತ್ತೆಂದು ವಿಚಾರಿಸತೊಡಗಿದ್ದರು.